ಕೊನ್ಯಾದ ಮದುವೆಯ ಇರುಳು

ಕಲಬುರಗಿಯ ಬಂದೇ ನವಾಜರ ಉರುಸನ್ನು ಕಾಣುತ್ತಲೇ ಬೆಳೆದ ನನಗೆ ಉರುಸು ಎಂದರೆ ಗಂಧದ ಮೆರವಣಿಗೆ, ಕವ್ವಾಲಿ ಮತ್ತು ಜಾತ್ರೆ ಎಂದಷ್ಟೇ ತಿಳಿದಿತ್ತು. ಅರಬ್ಬಿಯಲ್ಲಿ ಆ ಶಬ್ದಕ್ಕೆ ಮದುವೆ ಎಂಬ ಅರ್ಥವಿದೆಯೆಂದು ಗೊತ್ತಾದದ್ದು ಬಹಳ ತಡವಾಗಿ. ಸಂತರು ಅಗಲಿದ ದಿನವನ್ನು ಅವರು ತಮ್ಮ ಒಡೆಯನನ್ನು ಕೂಡಿದ ದಿನವೆಂದು ಆಚರಿಸುವ ಬಗೆಯನ್ನು ‘ಶರಣಸತಿ ಲಿಂಗಪತಿ’ ಎಂದ ನಾಡಿಗೆ ವಿವರಿಸಿ ಹೇಳಬೇಕಾಗಿಲ್ಲ. ತುರ್ಕಿಯ ಕೊನ್ಯಾದಲ್ಲಿ ಸೂಫಿ ಕವಿ ಮೌಲಾನಾ ಜಲಾಲುದ್ದೀನ್ ರೂಮಿಯವರು 1273ರ ಡಿಸೆಂಬರ್ 17ರಂದು ದೇಹ ಬಿಟ್ಟ ಇರುಳಿಗೂ ಅದೇ ಮೂಲದ ಹೆಸರಿದೆ: ಷೆಬ್-ಇ ಅರೂಸ್, ಮದುವೆಯ ಇರುಳು.

ಆ ಇರುಳು ನಡೆಯುವ ಸೆಮಾದಲ್ಲಿ, ಅಂದರೆ ಸುತ್ತುತ್ತ ಮಾಡುವ ಧ್ಯಾನದಲ್ಲಿ, ದರ್ವೇಶಿಯ, ಅಂದರೆ ಸೂಫಿ ಸಾಧಕನ, ಎತ್ತರದ ಟೊಪ್ಪಿಗೆ ಗೋರಿಯ ಕಲ್ಲು, ಬಿಳಿಯ ನಿಲುವಂಗಿ ಹೆಣಕ್ಕೆ ಹೊದಿಸುವ ಕಫನ್, ಮೇಲೆ ಹೊದ್ದ ಕರಿಯ ಬಟ್ಟೆಯೇ ಗೋರಿ. ಕೊಳಲಿನಂಥ ನೇಯ್ ವಾದ್ಯ ನುಡಿದ ಬಳಿಕ ಕರಿಯದನ್ನು ಕಳಚಿ, ಗುರುವಿಗೆ ಬಾಗಿ, ಎಡಗಾಲನ್ನು ಊರಿ ಅವನು ಸುತ್ತತೊಡಗುತ್ತಾನೆ. ಮೇಲ್ಮುಖವಾದ ಬಲ ಅಂಗೈ ದೇವರಿಂದ ಪಡೆದದ್ದನ್ನು ಕೆಳಮುಖವಾದ ಎಡ ಅಂಗೈ ಮಣ್ಣಿಗೆ ದಾಟಿಸುತ್ತದೆ, ತನಗೆಂದು ಏನನ್ನೂ ಉಳಿಸಿಕೊಳ್ಳುವುದಿಲ್ಲ.

1925ರಲ್ಲಿ ತುರ್ಕಿ ಗಣರಾಜ್ಯವು ಸೂಫಿ ಮಠಗಳನ್ನೆಲ್ಲ ಮುಚ್ಚಿತು. 1950ರ ದಶಕದಲ್ಲಿ ಸೆಮಾ ಮತ್ತೆ ಜನರೆದುರು ಬಂದಾಗ ಅದು ಪೂಜೆಯಾಗಿ ಅಲ್ಲ, ಸಾಂಸ್ಕೃತಿಕ ಕಾರ್ಯಕ್ರಮವಾಗಿ ಬಂತು. ಅನೇಕ ವರ್ಷ ಕೊನ್ಯಾದ ಒಳಾಂಗಣ ಕ್ರೀಡಾಂಗಣದಲ್ಲಿಯೇ ನಡೆಯಿತು. 2005ರಲ್ಲಿ ಯುನೆಸ್ಕೊ ಮನ್ನಣೆ ದೊರೆಯಿತು. ಈಗ ಪ್ರವಾಸಿಗರಿಗೆಂದು ಮೊಟಕುಗೊಳಿಸಿದ ಸೆಮಾವೂ ಇದೆ, ಇಸ್ತಾಂಬುಲ್‌ನಲ್ಲಿ ಹೆಂಗಸರೂ ಗಂಡಸರೂ ಜೊತೆಯಾಗಿ ಸುತ್ತುವ ಬಳಗವೂ ಇದೆ. ಟಿಕೆಟ್ ಕೊಂಡು ನೋಡುವ ಧ್ಯಾನ ಧ್ಯಾನವೇ ಎಂದು ಬಹುಕಾಲ ನೊಂದುಕೊಂಡಿದ್ದೆ. ಈಗ ಆ ನೋವಿಲ್ಲ, ಏಕೆಂದರೆ ನೋಡುವವರು ಯಾರಾದರೂ ಬಾಗುವವನು ಬಾಗಲೇಬೇಕು.

ನನ್ನನ್ನು ಕಾಡುವುದು ಅಡುಗೆಮನೆ. ಹಿಂದೆ ರೂಮಿಯವರ ಹಾದಿಯ ಮೌಲವಿ ಪಂಥದ ಮಠದಲ್ಲಿ ದರ್ವೇಶಿಯಾಗಬಯಸಿದವನು 1001 ದಿನ ಸೇವೆ ಮಾಡಬೇಕಿತ್ತು, ಆ ಸೇವೆ ಅಡುಗೆಮನೆಯಲ್ಲಿ ಮೊದಲಾಗುತ್ತಿತ್ತು. ಸುತ್ತುವುದನ್ನು ಕಲಿಯುತ್ತಿದ್ದುದೂ ಅಲ್ಲಿಯೇ: ಹಲಗೆಗೆ ಹೊಡೆದ ಮೊಳೆಯನ್ನು ಎಡಗಾಲಿನ ಬೆರಳುಗಳ ನಡುವೆ ಹಿಡಿದು, ಹಲಗೆಯ ಮೇಲೆ ಉಪ್ಪು ಚೆಲ್ಲಿಕೊಂಡು. ದಾಸೋಹದ ಮನೆಯಲ್ಲಿ ಪಾತ್ರೆ ತೊಳೆದು ಬಂದ ಕಾಲಿಗೆ ಸುತ್ತುವ ಹಕ್ಕು ಸಿಗುತ್ತಿತ್ತು. ರೂಮಿಯವರ ಸಮಾಧಿಯಿರುವ ಕೊನ್ಯಾದ ಮಠ 1927ರಿಂದ ವಸ್ತುಸಂಗ್ರಹಾಲಯ. ಅದರ ಅಡುಗೆಮನೆಯಲ್ಲಿ ಇಂದು ನಿಂತಿರುವುದು ದರ್ವೇಶಿಗಳ ಬೊಂಬೆಗಳು. ಕಳೆದುಹೋದದ್ದು ಇದು, ವೇದಿಕೆಯಿಂದ ಕೆಟ್ಟದ್ದಕ್ಕಿಂತ ದೊಡ್ಡದು.

ಆದರೂ ಸೆಮಾದಲ್ಲಿ ಸುತ್ತುವ ನಾಲ್ಕು ಭಾಗಗಳಾದ ಸಲಾಮುಗಳು ಮುಗಿದ ಮೇಲೆ ‘ಪೂರ್ವವೂ ಪಶ್ಚಿಮವೂ ಅಲ್ಲಾಹನವೇ, ನೀವು ಯಾವ ಕಡೆ ತಿರುಗಿದರೂ ಅಲ್ಲಿ ಅವನ ಮುಖವಿದೆ’ ಎಂಬ ಕುರಾನಿನ ವಾಕ್ಯ ಇಂದಿಗೂ ಕೇಳಿಬರುತ್ತದೆ. ಅಷ್ಟು ಹೊತ್ತು ಎಲ್ಲ ದಿಕ್ಕಿಗೂ ತಿರುಗಿದವರು ನೆಲದ ಮೇಲೆ ಕುಳಿತು, ಕರಿಯ ಹೊದಿಕೆಯನ್ನು ಮರಳಿ ಹೊದ್ದು ಆಲಿಸುತ್ತಾರೆ.