ಸೋಸುವ ಕೆಲಸ

ಅಪ್ಪನ ಡಯಾಲಿಸಿಸ್ ಮುಗಿಯುವವರೆಗೆ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವರ ತೋಳಿನಿಂದ ಹೊರಟ ರಕ್ತ ಯಂತ್ರವನ್ನು ಸುತ್ತಿ ಮತ್ತೆ ತೋಳಿಗೇ ಮರಳುವುದನ್ನು ಇಂದೂ 4 ಗಂಟೆ ನೋಡಿದೆ. ವಾರಕ್ಕೆ 3 ಬಾರಿ ಈ ಯಂತ್ರ ಮಾಡುವುದನ್ನು ಮುಷ್ಟಿಗಾತ್ರದ ಎರಡು ಮೂತ್ರಪಿಂಡಗಳು ಹಗಲಿರುಳೂ ಸದ್ದಿಲ್ಲದೆ ಮಾಡುತ್ತವೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಪುಟ್ಟ ಸೋಸುವ ಘಟಕಗಳು, ಅಂದರೆ ನೆಫ್ರಾನ್‌ಗಳಿದ್ದು, ಪ್ರತಿಯೊಂದರ ತಲೆಯಲ್ಲಿರುವ, ಕೂದಲಿಗಿಂತ ತೆಳುವಾದ ರಕ್ತನಾಳಗಳ ಉಂಡೆಯು ರಕ್ತಕಣಗಳನ್ನೂ ಪ್ರೋಟೀನನ್ನೂ ಒಳಗೇ ತಡೆದು, ನೀರು, ಲವಣ, ಸಕ್ಕರೆ, ಯೂರಿಯಾಗಳನ್ನು ಸೋಸಿ ಮುಂದಿನ ನಾಳಕ್ಕೆ ಬಿಡುತ್ತದೆ. ಹೀಗೆ ದಿನಕ್ಕೆ ಸೋಸಿ ಇಳಿಯುವ ದ್ರವ ಸುಮಾರು 180 ಲೀಟರ್. ಮೂತ್ರವಾಗಿ ಹೊರಹೋಗುವುದು ಒಂದೂವರೆ ಲೀಟರಿನ ಆಸುಪಾಸು. ಉಳಿದದ್ದನ್ನೆಲ್ಲ, ಸಕ್ಕರೆಯನ್ನಂತೂ ಹೆಚ್ಚುಕಡಿಮೆ ಪೂರ್ತಿಯಾಗಿ, ಆ ನಾಳಗಳು ಮತ್ತೆ ಹೀರಿ ರಕ್ತಕ್ಕೆ ಒಪ್ಪಿಸುತ್ತವೆ. ಸೋಸುವುದಕ್ಕಿಂತ ಹೀಗೆ ಬೇಕಾದುದನ್ನು ಆರಿಸಿ ಮರಳಿ ಪಡೆಯುವ ವಿವೇಚನೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಎರಡು ಡಯಾಲಿಸಿಸ್‌ಗಳ ನಡುವೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತಕ್ಕೇ ಅಪಾಯವಾದ್ದರಿಂದ ಅಪ್ಪನಿಗೆ ಬಹಳ ಪ್ರಿಯವಾದ ಎಳನೀರು ನಿಂತುಹೋಗಿದೆ. ನೀರನ್ನೂ ಅಮ್ಮ ಸ್ಟೀಲ್ ಲೋಟದಲ್ಲಿ ಅಳೆದೇ ಕೊಡುತ್ತಾರೆ. ಇಂದು ಮುಗಿದ ಮೇಲೆ ತೂಕ ಎರಡು ಕಿಲೋ ಇಳಿದಿತ್ತು. ಆಟೋದಲ್ಲಿ ಅಪ್ಪ ನನ್ನ ಭುಜಕ್ಕೊರಗಿ ನಿದ್ದೆ ಹೋದರು.