ಮೊನೊವೈ ಮಾದರಿ: ಎರಡನೆಯ ಗೊಂಬೆ ಕೊನೆಗೂ ತಿಳಿಯಾಯಿತು

ಪಾರದರ್ಶಕ ರೆಸಿನ್‌ನಲ್ಲಿ (ಬೆಳಕು ಬಿದ್ದರೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್‌ನಲ್ಲಿ) ಮಾಡಿದ ಐದು ಗೊಂಬೆಗಳು ಒಂದರ ಹಿಂದೆ ಒಂದರಂತೆ ಹಳದಿಯಾದ ಮೇಲೆ, ಆರನೆಯದು ಇಂದು ಬೆಳಿಗ್ಗೆ ನೀರಿನಷ್ಟು ತಿಳಿಯಾಗಿ ಕೈಗೆ ಬಂದಿತು. ಅಮೆರಿಕದ ಮೊನೊವೈ ಎಂಬ ಪುಟ್ಟ ಊರಿನ ಮಾದರಿ ಕಟ್ಟುವ, ಮೂರು ವಾರಗಳಿಂದ ನಿಂತಿದ್ದ ಕೆಲಸ ಮತ್ತೆ ಮುಂದುವರಿದಿರುವ ಸಂತೋಷದಲ್ಲಿ ಇದನ್ನು ಬರೆಯುತ್ತಿದ್ದೇನೆ.

ನೆಲ, ಹುಲ್ಲು, 12ನೇ ಹೆದ್ದಾರಿಯ ಡಾಂಬರು ಇವೆಲ್ಲ ಎಂದಿನ ಕೆಲಸಗಳೇ ಆದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಅಳತೆ 1:87, ಅಂದರೆ ನಿಜದ ಗಾತ್ರದ 87ರಲ್ಲಿ ಒಂದು ಭಾಗ. ನೆಬ್ರಾಸ್ಕಾದ ಬಾಯ್ಡ್ ಕೌಂಟಿಯ ಮೊನೊವೈ ಗ್ರಾಮದ ನೆಲ ಒಂದೇ ಇರುತ್ತದೆ. ಗಣತಿಯ ವರ್ಷ ಬದಲಾದಂತೆ, ಹಲಗೆಯ ರಂಧ್ರಗಳಲ್ಲಿ ನಿಲ್ಲಿಸಿದ ಕಟ್ಟಡಗಳನ್ನೂ ಗೊಂಬೆಗಳನ್ನೂ ಕಿತ್ತು ತೆಗೆಯಬಹುದು. 1902ರಲ್ಲಿ ರೈಲು ಬಂದಾಗ ಹುಟ್ಟಿದ ಈ ಊರಿನಲ್ಲಿ 1930ರ ದಶಕದ ಹೊತ್ತಿಗೆ ಸುಮಾರು 150 ಜನರಿದ್ದರು. 1967ರಿಂದ 1970ರ ನಡುವೆ ಅಂಚೆ ಕಚೇರಿಯೂ ಕಡೆಯ ಮೂರು ದಿನಸಿ ಅಂಗಡಿಗಳೂ ಮುಚ್ಚಿದವು. 1974ರಲ್ಲಿ ಶಾಲೆ ಮುಚ್ಚಿತು. 1980ರಲ್ಲಿ ಉಳಿದವರು 18 ಮಂದಿ. 2000ದಲ್ಲಿ ರೂಡಿ ಮತ್ತು ಎಲ್ಸೀ ಐಲರ್ ದಂಪತಿಗಳಿಬ್ಬರೇ. 2004ರಲ್ಲಿ ರೂಡಿ ತೀರಿಕೊಂಡರು. 2010ರ ಗಣತಿಯಲ್ಲಿ ಜನಸಂಖ್ಯೆ 1. ಆ ಒಬ್ಬರೇ ಊರಿನ ಮೇಯರ್, ಗುಮಾಸ್ತೆ, ಖಜಾಂಚಿ, ಹೋಟೆಲಿನ ಒಡತಿ, ಗಂಡನ ಸುಮಾರು 5,000 ಪುಸ್ತಕಗಳನ್ನಿಟ್ಟ ಪುಟ್ಟ ಗ್ರಂಥಾಲಯದ ಪಾಲಕಿ. ಊರಿನ ನಾಲ್ಕು ಬೀದಿದೀಪಗಳಿಗಾಗಿ ರಾಜ್ಯದ ಹಣ ಪಡೆಯಲು ವರ್ಷಕ್ಕೊಮ್ಮೆ ರಸ್ತೆ ಯೋಜನೆಯನ್ನು ಸಿದ್ಧಪಡಿಸುವವರೂ ಅವರೇ. ಆ ನಾಲ್ಕು ದೀಪಗಳಿಗೆ ಹಾಕಿದ ಎಲ್‌ಇಡಿಗಳು ಮೊದಲ ಸಲವೇ ಉರಿದದ್ದು ನನಗೆ ಹಬ್ಬದಂತಿತ್ತು.

ತೊಡಕು ಬಂದದ್ದು 2020ರ ಜೋಡಣೆಯಲ್ಲಿ. ಆ ವರ್ಷದ ಅಧಿಕೃತ ಸಂಖ್ಯೆ 2. ಆದರೆ ಊರಿಗೆ ಹೊಸಬರು ಯಾರೂ ಬಂದಿರಲಿಲ್ಲ. ವ್ಯಕ್ತಿಗಳ ಗುರುತು ಹೊರಬೀಳದಂತೆ ಕಾಪಾಡಲು ಅಮೆರಿಕದ ಗಣತಿ ಇಲಾಖೆ ಆ ಸಲ ರಾಜ್ಯಗಳ ಒಟ್ಟು ಜನಸಂಖ್ಯೆಯನ್ನು ಮಾತ್ರ ಇದ್ದಂತೆಯೇ ಪ್ರಕಟಿಸಿ, ಅದಕ್ಕಿಂತ ಕೆಳಗಿನ ಹಂತದ ಜನಸಂಖ್ಯೆಗಳಲ್ಲಿ ಲೆಕ್ಕಾಚಾರದಿಂದ ಸಣ್ಣ ಏರುಪೇರುಗಳನ್ನು ಬೆರೆಸಿತು. ಆದ್ದರಿಂದ ನೆಬ್ರಾಸ್ಕಾದ 19,61,504 ಎಂಬುದು ಎಣಿಸಿದ ಸಂಖ್ಯೆ. ಮೊನೊವೈನ 2 ಎಂಬುದು ಬೆರಕೆಯಾದ ಸಂಖ್ಯೆ. ಲಕ್ಷ ಜನರ ಊರಿನಲ್ಲಿ ಒಂದು ಹೆಚ್ಚಾದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ಊರೇ ಇಮ್ಮಡಿಯಾಯಿತು.

ಎರಡನೆಯ ಗೊಂಬೆಗೆ ಬಣ್ಣ ಹಚ್ಚಿ ನಿಲ್ಲಿಸಿದರೆ ಇಲ್ಲದ ಮನುಷ್ಯನನ್ನು ನಾನೇ ಸೃಷ್ಟಿಸಿದಂತೆ. ಬಿಟ್ಟರೆ ದಾಖಲೆಯನ್ನು ತಿದ್ದಿದಂತೆ. ಹಾಗಾಗಿ ಅದನ್ನು ಗಾಜಿನಂತೆ ಮಾಡಲು ನಿರ್ಧರಿಸಿದೆ. ಸರಬರಾಜುದಾರರು ಮೊದಲು 1:160 ಅಳತೆಯ ಗೊಂಬೆಗಳನ್ನು ಕಳುಹಿಸಿದರು; ಇಪ್ಪತ್ತು ಮಿಲಿಮೀಟರ್ ಎತ್ತರದ ಎಲ್ಸೀಯವರ ಪಕ್ಕದಲ್ಲಿ ಅವು ಕೂಸುಗಳಂತೆ ಕಂಡವು. ಗೊಂಬೆಯನ್ನು ನಾನೇ 3ಡಿ ಮುದ್ರಕದಲ್ಲಿ ಮುದ್ರಿಸುತ್ತೇನೆಂದು ತರಿಸಿದ ರೆಸಿನ್ ಬಾಟಲಿಯಲ್ಲಿದ್ದದ್ದು ಹಳೆಯ ದಾಸ್ತಾನು. ಹಣ ಹಿಂದಿರುಗಿಸಲು ಅವರು ಇಂದಿಗೂ ಒಪ್ಪಿಲ್ಲ. ಹೊಸ ಬಾಟಲಿಯಲ್ಲಿ ಮಾಡಿದ್ದೂ ಹಳದಿಯಾದಾಗ, ತಪ್ಪು ರೆಸಿನ್ ಗಟ್ಟಿಯಾಗಿಸುವ ಯುವಿ (ನೇರಳಾತೀತ) ದೀಪದ ಅವಧಿಯಲ್ಲಿದೆಯೆಂದು ಹೊಳೆಯಿತು. ಹತ್ತು ನಿಮಿಷದ ಬದಲು, ಗೊಂಬೆಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿ ಒಂದೊಂದು ಬದಿಗೆ ಒಂದೇ ನಿಮಿಷ ಬೆಳಕು ಕೊಟ್ಟು, ಒಣಗಿಸಿ, ತೆಳುವಾಗಿ ಲ್ಯಾಕರ್ ಹೊಡೆದೆ. ಅಂಟೂ ಉಳಿಯಲಿಲ್ಲ, ಹಳದಿಯೂ ಬರಲಿಲ್ಲ.

ಇದರ ನಡುವೆಯೇ ವಯೋಮಿಂಗ್‌ನ ಲಾಸ್ಟ್ ಸ್ಪ್ರಿಂಗ್ಸ್ ಮನಸ್ಸಿಗೆ ಹತ್ತಿದೆ. 2000ದ ಗಣತಿ ಆ ಊರಿಗೆ 1 ಎಂದು ಬರೆಯಿತು. ಇರುವವರು ನಾಲ್ವರೆಂದು ಅಲ್ಲಿನ ಮೇಯರ್ ಹೇಳಿದರು. 2010ರ ಗಣತಿ 4 ಎಂದಿತು. ಅಲ್ಲಿ ಗಾಜಿನ ಗೊಂಬೆ ಬೇಕಿಲ್ಲ, ಹಲಗೆಯಲ್ಲಿ ಮೂರು ಖಾಲಿ ರಂಧ್ರಗಳು ಬೇಕು. ಮರದ ತುಂಡನ್ನು ಈಗಾಗಲೇ ತೆಗೆದಿಟ್ಟಿದ್ದೇನೆ.

ಮೊನೊವೈನಲ್ಲಿ ಇನ್ನು ಉಳಿದಿರುವುದು ಗಾಜಿನ ಗೊಂಬೆಯ ಜಾಗ. ಅದಕ್ಕೆ ಮನೆಯಿಲ್ಲ, ಆದ್ದರಿಂದ ರಂಧ್ರವನ್ನೂ ಕೊರೆಯುವುದಿಲ್ಲ. ನೆಲದಡಿಯಲ್ಲಿ ಕಬ್ಬಿಣದ ತಗಡು ಹಾಸಿ, ಗೊಂಬೆಯ ಪಾದದ ಕೆಳಗೆ ಪುಟ್ಟ ಅಯಸ್ಕಾಂತವನ್ನಿಟ್ಟರೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ಗ್ರಂಥಾಲಯದ ಬಾಗಿಲಲ್ಲಿ ಮಾತ್ರ ನಿಲ್ಲಿಸುವುದಿಲ್ಲ, ಏಕೆಂದರೆ ನೋಡಿದವರು ಅದನ್ನು ರೂಡಿಯೆಂದೇ ಭಾವಿಸುತ್ತಾರೆ. ಆ ಭಾಗದ ಅಡಿಯಲ್ಲಿ ತಗಡು ಬರದಂತೆ ಅದನ್ನು ಭಾನುವಾರ ಕತ್ತರಿಸುತ್ತೇನೆ.