ವಾಲ್ಪೊಲಿಚೆಲ್ಲಾ ದಿನಚರಿ: ರಿಪಾಸೊ, ಮೂರು ಸಂಜೆ

ಇಟಲಿಯ ವೆರೋನಾ ಊರಿನ ಉತ್ತರಕ್ಕೆ ವಾಲ್ಪೊಲಿಚೆಲ್ಲಾ ಗುಡ್ಡಗಳಿವೆ. ಅಲ್ಲಿನ ಕೆಂಪು ವೈನ್‌ಗಳನ್ನು ಒಂದೊಂದಾಗಿ ರುಚಿ ನೋಡಿ ಬರೆದಿಡೋಣ ಅಂತ ಈ ಬೇಸಿಗೆಯಲ್ಲಿ ಶುರು ಮಾಡಿದೆ. ಕಳೆದ ತಿಂಗಳು ಸಾದಾ ವಾಲ್ಪೊಲಿಚೆಲ್ಲಾ ಆಯ್ತು. ಈಗ ಅಲ್ಲಿನದೇ ಇನ್ನೊಂದು ಕೆಂಪು ವೈನ್, ರಿಪಾಸೊ.

ಎರಡರಲ್ಲೂ ಇರುವುದು ಅವೇ ದ್ರಾಕ್ಷಿಗಳ ಮಿಶ್ರಣ. ಮುಖ್ಯವಾದದ್ದು ಕೊರ್ವೀನಾ. ಅದರ ಜೊತೆಗೆ ದಪ್ಪ ಕಾಳಿನ ಕೊರ್ವಿನೋನೆ. ಇದನ್ನು ತುಂಬಾ ವರ್ಷ ಕೊರ್ವೀನಾದ್ದೇ ಇನ್ನೊಂದು ರೂಪ ಅಂದುಕೊಂಡಿದ್ದರಂತೆ. ಆಮೇಲೆ ರೊಂದಿನೆಲ್ಲಾ, ಶೇಕಡಾ 5ರಿಂದ 30ರವರೆಗೆ. ಹಳೆಯ ಮೊಲಿನಾರಾ ಈಗ ಕಡ್ಡಾಯವಲ್ಲ.

ಜುಲೈ 4

ಅಡುಗೆಮನೆ ಶೆಲ್ಫಿನಿಂದ ತೆಗೆದು ನೇರ ಗ್ಲಾಸಿಗೆ ಸುರಿದೆ. ಮನೆಯೊಳಗೆ 29 ಡಿಗ್ರಿ. ಮೂಗಿಗೆ ಬರೀ ಆಲ್ಕೋಹಾಲ್ ಘಾಟು. ಬಾಟಲಿಯನ್ನು ಫ್ರಿಜ್ಜಿನಲ್ಲಿಟ್ಟು, 17ರ ಹತ್ತಿರ ಬಂದ ಮೇಲೆ ಮತ್ತೆ ಸುರಿದೆ. ಆಗ ಹಣ್ಣು ಮೇಲೆ ಬಂತು: ಹುಳಿ ಚೆರ್ರಿ, ಹಿಂದೆ ಒಂದು ಎಳೆ ಲವಂಗ.

ಹುಳಿ ಚೆರ್ರಿ ಅಂತ ಈಗ ಧೈರ್ಯವಾಗಿ ಬರೆಯುತ್ತೇನೆ. ಮೊದಲು ಬೇರೆಯವರು ಬರೆದದ್ದನ್ನು ನೋಡಿ ಬರೆಯುತ್ತಿದ್ದೆ. ಮಲೆನಾಡಿನ ಸಾಗರದ ಕಡೆ ಬೆಳೆದವನಿಗೆ ಆ ಹಣ್ಣಿನ ವಾಸನೆ ಎಲ್ಲಿಂದ ಗೊತ್ತಾಗಬೇಕು? ಜೂನ್‌ನಲ್ಲಿ ಸಂತೆಯಿಂದ ಕಾಲು ಕಿಲೋ ತಂದೆ. ಒಂದೊಂದೇ ಬೆರಳಲ್ಲಿ ಹಿಸುಕಿ, ಮೂಸಿ, ಬೀಜವನ್ನೂ ಒಡೆದು ಮೂಸಿದೆ. ಬೀಜದಲ್ಲಿ ಕಹಿ ಬಾದಾಮಿಯ ವಾಸನೆ. ಇವತ್ತು ವೈನ್ ನುಂಗಿದ ಮೇಲೆ ನಾಲಿಗೆಯ ಹಿಂದೆ ಉಳಿದದ್ದು ಅದೇ. ಮೊದಲ ಬಾಟಲಿಯ ಟಿಪ್ಪಣಿಯಲ್ಲಿ 'ಮುರುಗಲ ಹಣ್ಣು' ಅಂತ ಬರೆದಿದ್ದೆ. ಅದನ್ನೂ ಹೊಡೆದು ಹಾಕಿಲ್ಲ. ಆ ಹುಳಿ ಇದರಲ್ಲಿ ನಿಜವಾಗಿ ಇದೆ.

ಜುಲೈ 5

ಇವತ್ತು ಗಮನವೆಲ್ಲ ಒಗರಿನ ಮೇಲೆ. ಇಂಗ್ಲಿಷಿನವರು ಟ್ಯಾನಿನ್ ಎನ್ನುವುದು ಬಾಯಲ್ಲಿ ಮಾಡುವ ಕೆಲಸಕ್ಕೆ ನಮ್ಮಲ್ಲಿ ಇಷ್ಟು ಚಂದದ ಪದ ಇದೆ ಅಲ್ವಾ! ಸಾದಾ ವಾಲ್ಪೊಲಿಚೆಲ್ಲಾದಲ್ಲಿ ಒಗರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಇತ್ತು. ಕೊರ್ವೀನಾದ ಗುಣವೇ ಹಾಗೆ. ಇದರಲ್ಲಿ ಮಾತ್ರ ಒಸಡಿನ ಮೇಲೆ ಸಣ್ಣಗೆ ಹಿಡಿಯುತ್ತದೆ.

ಅದು ಎಲ್ಲಿಂದ ಬಂತು? ಅಮರೋನೆಯ ಸಿಪ್ಪೆಯಿಂದ. ಅಮರೋನೆ ಅಂದರೆ ಅದೇ ಗುಡ್ಡಗಳಲ್ಲಿ ಒಣಗಿಸಿದ ದ್ರಾಕ್ಷಿಯಿಂದ ಮಾಡುವ ವೈನ್. ಅಮರೋನೆಗೆ ಕೊಯ್ದ ದ್ರಾಕ್ಷಿಯನ್ನು ಗಾಳಿಯಾಡುವ ಅಟ್ಟಗಳಲ್ಲಿ ಹರಡಿ, ಮೂರು ತಿಂಗಳ ಮೇಲೆ ಒಣಗಿಸುತ್ತಾರೆ. ತೂಕದಲ್ಲಿ ಮೂರನೇ ಒಂದು ಪಾಲಿನಷ್ಟು ನೀರು ಹೋಗುತ್ತದೆ. ಆಮೇಲೆ ಜಜ್ಜಿ, ಸಿಪ್ಪೆಯ ಸಮೇತ ಹುದುಗಿಸುತ್ತಾರೆ. ವೈನ್ ಬಸಿದ ಮೇಲೆ ಉಳಿದ ಸಿಪ್ಪೆಯಲ್ಲಿ ಇನ್ನೂ ಸಕ್ಕರೆ, ಬಣ್ಣ, ಒಗರು ಇರುತ್ತದೆ. ಶರತ್ಕಾಲದಲ್ಲೇ ತಯಾರಾದ ಸಾದಾ ವೈನನ್ನು ಅದರ ಮೇಲೆ ಸುರಿದರೆ ಅದು ಇನ್ನೊಮ್ಮೆ ಹುದುಗುತ್ತದೆ. ಅದಕ್ಕೇ ಹೆಸರು ರಿಪಾಸೊ, ಮತ್ತೆ ಹಾಯಿಸಿದ್ದು.

ಇದನ್ನು ತಿಳಿದುಕೊಂಡ ದಿನ ನನಗೆ ನೆನಪಾದದ್ದು ಮನೆಯ ಅಡಿಕೆ ಒಲೆ. ಹಸಿ ಅಡಿಕೆ ಬೇಯಿಸಿದ ನೀರೇ ಚೊಗರು. ಅದನ್ನು ಚೆಲ್ಲುವುದಿಲ್ಲ. ಮುಂದಿನ ಅಡಿಕೆಗೆ ಬಣ್ಣ, ಹೊಳಪು ಕೊಡುವುದು ಅದೇ. ಗಟ್ಟಿ ಚೊಗರಿಗೆ ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದ್ದು ಇನ್ನೂ ನೆನಪಿದೆ. ಈ ಗ್ಲಾಸಿನಲ್ಲಿ ಒಸಡು ಹಿಡಿಯುತ್ತಿರುವುದು ಅದೇ ಒಗರು, ತುಂಬಾ ಮೆತ್ತಗೆ.

ಜುಲೈ 7

ಉಳಿದ ಕಾಲು ಬಾಟಲಿ, ಬಿರಡೆ ಹಾಕಿ ಫ್ರಿಜ್ಜಿನಲ್ಲಿತ್ತು. ಚೆರ್ರಿ ಹಿಂದೆ ಸರಿದಿದೆ, ಒಣದ್ರಾಕ್ಷಿ ಮುಂದೆ ಬಂದಿದೆ. ನನಗೆ ಮೊದಲ ಸಂಜೆಯದ್ದೇ ಜಾಸ್ತಿ ಇಷ್ಟ.

ಸಾರು-ಅನ್ನದ ಜೊತೆ ಸುಮ್ನೆ ಒಂದು ಗುಟುಕು ನೋಡಿದೆ. ಖಾರಕ್ಕೆ ಆಲ್ಕೋಹಾಲ್ ಸೇರಿ ಬಾಯಿ ಉರಿ, ಹಣ್ಣಿನ ರುಚಿ ಮಾಯ. ಹಳೆಯದಾದ ಮೊಂತೆ ವೆರೊನೇಸೆ ಚೀಸ್ ಜೊತೆ ಮಾತ್ರ ಒಗರು ಕರಗಿ ಹೋಯ್ತು. ಕೊನೆಯ ಗ್ಲಾಸ್ ಪೂರ್ತಿ ಅದರ ಜೊತೆಗೇ.

ಅಮರೋನೆ ತಂದಿಟ್ಟಿದ್ದೇನೆ. ಅದರಲ್ಲಿ ಆಲ್ಕೋಹಾಲ್ ಕನಿಷ್ಠ ಶೇಕಡಾ 14 ಇರಲೇಬೇಕು. ಈ ಸೆಖೆಯಲ್ಲಿ ತೆರೆಯುವುದಿಲ್ಲ. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಅಟ್ಟಕ್ಕೇರಿದಾಗ ಹೋಗಿ ಆ ವಾಸನೆ ಮೂಸಿ ಬರಬೇಕು, ಆಮೇಲೆ ಬಿರಡೆ ತೆಗೆಯುವುದು.